ಕಾನೂನೇ ಅಸ್ಪಷ್ಟವಾಗಿದ್ದರೆ ಆರೋಪಿಗೆ ದಾರಿಯೇನು?

ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕುಡಿಯುವ ನೀರಿನ ಬಗ್ಗೆ ಖಾರವಾಗಿ ಬರೆದ ತಮ್ಮನ ಮಗನ ಮೇಲೆ ಪ್ರಕರಣ ದಾಖಲಾಗಿದೆಯೆಂದೂ, ಯಾವ ಮಾತು ಅಪರಾಧವೆಂಬುದು ಕಾನೂನಿನಲ್ಲೇ ಸ್ಪಷ್ಟವಿಲ್ಲದಿರುವಾಗ ಅದನ್ನೇ ಪ್ರತಿವಾದವಾಗಿ ಮಂಡಿಸಬಹುದೇ ಎಂದೂ ಸೇಡಂನ ಓದುಗರೊಬ್ಬರು ಕೇಳಿದ್ದಾರೆ.

ಮಾನ್ಯರೇ, ಖಂಡಿತ ಮಂಡಿಸಬಹುದು. ಆದರೆ ‘ನನಗೆ ಕಾನೂನು ಗೊತ್ತಿರಲಿಲ್ಲ’ ಎನ್ನುವುದು ಬೇರೆ, ‘ಈ ಕಾನೂನು ಯಾರಿಗೂ ತಿಳಿಯುವಂತಿಲ್ಲ’ ಎನ್ನುವುದು ಬೇರೆ. ಮೊದಲನೆಯದನ್ನು ನ್ಯಾಯಾಲಯ ಒಪ್ಪುವುದಿಲ್ಲ. ಎರಡನೆಯದಕ್ಕೆ ಗಟ್ಟಿ ಆಧಾರವಿದೆ. ಯಾರು ಗೂಂಡಾ ಎಂದು ನಿರ್ಧರಿಸಲು ಅಳತೆಗೋಲೇ ಇಲ್ಲದ ಮಧ್ಯಪ್ರದೇಶದ ಗೂಂಡಾ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲೇ ಅಸಿಂಧುವೆಂದು ಸಾರಿತು. 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಪೂರ್ತಿಯಾಗಿ ರದ್ದುಗೊಳಿಸಿತು. ಮೊಬೈಲ್ ಅಥವಾ ಕಂಪ್ಯೂಟರಿನ ಮೂಲಕ ಕಳಿಸಿದ ಸಂದೇಶದಿಂದಾಗುವ ಕಿರಿಕಿರಿ, ಅನಾನುಕೂಲ ಮುಂತಾದುವಕ್ಕೆ ಮೂರು ವರ್ಷಗಳವರೆಗೆ ಜೈಲು ವಿಧಿಸುತ್ತಿದ್ದ ಆ ಕಲಮು, ಒಬ್ಬರಿಗೆ ಕಿರಿಕಿರಿಯೆನಿಸಿದ್ದು ಮತ್ತೊಬ್ಬರಿಗೆ ಹಾಗೆನಿಸದಿದ್ದರೆ ಪೊಲೀಸರು ಯಾರ ಮನಸ್ಸನ್ನು ಅಳತೆಯಾಗಿ ಹಿಡಿಯಬೇಕೆಂದು ಎಲ್ಲೂ ಹೇಳಿರಲಿಲ್ಲ. ಬರೆಯುವವನಿಗೆ ಗೆರೆ ಕಾಣದಿದ್ದರೆ ಬಂಧಿಸುವವನಿಗೂ ಕಾಣುವುದಿಲ್ಲ; ನನ್ನ ದೃಷ್ಟಿಯಲ್ಲಿ ಈ ಎರಡನೆಯ ಅಪಾಯವೇ ಹೆಚ್ಚು ಘೋರವಾದುದು.

ಹಾಗೆಂದು ಹಿಗ್ಗುವ ಪದಗಳಿರುವ ಕಾನೂನುಗಳೆಲ್ಲ ಬಿದ್ದುಹೋಗುವುದಿಲ್ಲ. ‘ನಿರ್ಲಕ್ಷ್ಯ’ವೂ ಸಡಿಲ ಪದವೇ; ಆದರೆ ದಶಕಗಳ ತೀರ್ಪುಗಳು ಅದಕ್ಕೆ ಅಂಚು ಕಟ್ಟಿವೆ.

ಎಲ್ಲಿ ಮಂಡಿಸಬೇಕೆಂಬುದೂ ಮುಖ್ಯ. ಮ್ಯಾಜಿಸ್ಟ್ರೇಟರು ಕಾನೂನನ್ನು ರದ್ದುಮಾಡಲಾರರು. ಅದು ಅಸಿಂಧುವೆಂದು ಅವರಿಗೆ ಮನವರಿಕೆಯಾದರೆ ಹೈಕೋರ್ಟಿನ ಅಭಿಪ್ರಾಯಕ್ಕೆ ಕಳಿಸಬಹುದು. ಕಲಮನ್ನೇ ಪ್ರಶ್ನಿಸುವುದಾದರೆ ಸಂವಿಧಾನದ 226ನೇ ವಿಧಿಯಡಿ ಕಲಬುರಗಿ ಪೀಠದಲ್ಲೇ ರಿಟ್ ಅರ್ಜಿ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ವಿಚಾರಣಾ ನ್ಯಾಯಾಲಯದಲ್ಲಿ ಇದಕ್ಕಿಂತ ಚಿಕ್ಕದಾದರೂ ಹೆಚ್ಚು ಫಲ ಕೊಡುವ ವಾದವೊಂದಿದೆ: ದಂಡನೆಯ ಕಾನೂನಿಗೆ ಎರಡು ಅರ್ಥ ಸಮಂಜಸವಾಗಿ ಹೊಂದುವಂತಿದ್ದರೆ ಆರೋಪಿಗೆ ಅನುಕೂಲವಾದುದನ್ನೇ ಸ್ವೀಕರಿಸಬೇಕು.

ಯಾವ ಕಲಮಿನಡಿ ಪ್ರಕರಣ ದಾಖಲಾಗಿದೆಯೆಂದು ತಾವು ಬರೆದಿಲ್ಲ. ಎಫ್‌ಐಆರ್ ಪ್ರತಿಯನ್ನು ವಕೀಲರಿಗೆ ತೋರಿಸಿ, 66ಎ ಇದೆಯೇ ಎಂದು ಮೊದಲು ನೋಡಿರಿ. ರದ್ದಾದ ಮೇಲೂ ಆ ಕಲಮು ಬಳಕೆಯಾಗುತ್ತಿದ್ದುದರಿಂದ, ಅದರಡಿ ಯಾರ ಮೇಲೂ ಮೊಕದ್ದಮೆ ನಡೆಸಬಾರದೆಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶಿಸಬೇಕಾಯಿತು. ಬೇರೆ ಕಲಮಿದ್ದರೆ, ಅದು ಕೇಳುವ ಒಂದೊಂದು ಅಂಶವೂ ಆ ಹುಡುಗನ ಸಂದೇಶದಲ್ಲಿದೆಯೇ ಎಂಬುದನ್ನು ಸಾಲು ಸಾಲಾಗಿ ಪರಿಶೀಲಿಸಲು ವಕೀಲರನ್ನು ಕೇಳಿರಿ.