ಪ್ಲಾಬ್ ಎರಡಕ್ಕೆ ಒಂದು ತಿಂಗಳು ಸಾಕಾ?

ಹಾಸನದಲ್ಲಿ ಹೌಸ್‌ಸರ್ಜನ್ಸಿ ಮುಗಿಸಿ, ಹೊರದೇಶದಲ್ಲಿ ಓದಿದ ಡಾಕ್ಟರು ಬ್ರಿಟನ್ನಿನಲ್ಲಿ ಕೆಲಸ ಮಾಡಲು ಬರೆಯುವ ಪ್ಲಾಬ್ ಪರೀಕ್ಷೆಯ ಮೊದಲ ಭಾಗ ಬೆಂಗಳೂರಿನಲ್ಲೇ ಪಾಸಾಗಿ, ಈಗ ಎರಡನೆಯದಕ್ಕೆ ಮ್ಯಾಂಚೆಸ್ಟರ್‌ಗೆ ಹೊರಟಿದ್ದೀರಿ. ಒಂದು ತಿಂಗಳು ಸಾಕಾ, ದಿನಕ್ಕೆ ಎಷ್ಟು ಗಂಟೆ ಓದಬೇಕು, ಚಳಿಗೆ ಏನು ತರಬೇಕು ಅಂತ ಕೇಳಿದ್ದೀರಿ.

ಜಾಕೆಟ್ ಇಲ್ಲೇ ತಗೊಳ್ಳಿ. ಚಟ್ನಿಪುಡಿ ಅಲ್ಲಿಂದ ತನ್ನಿ. ಗಂಟೆ ಲೆಕ್ಕ ಬಿಡಿ, ಇದು ಒಬ್ಬರೇ ಬಾಗಿಲು ಹಾಕಿಕೊಂಡು ಓದುವ ಪರೀಕ್ಷೆ ಅಲ್ಲ.

ನಾನು 2018ರಲ್ಲಿ ಕೂತಾಗ 18 ಸ್ಟೇಷನ್ ಇದ್ದವು, ಅಂದರೆ ಒಂದೊಂದು ಕೇಸಿಗೆ ಒಂದೊಂದು ಕೋಣೆ, ಈಗ 16. ಒಂದೊಂದಕ್ಕೆ 8 ನಿಮಿಷ. ಒಳಗೆ ರೋಗಿಯಾಗಿ ಕೂರುವವರು ನಟರು, ಮೂಲೆಯಲ್ಲಿ ಪರೀಕ್ಷಕರು ಸುಮ್ನೆ ಅಂಕ ಹಾಕುತ್ತಾ ಇರುತ್ತಾರೆ. ಸ್ಟೇಷನ್‌ಗೆ 12 ಅಂಕ, ಅದರಲ್ಲಿ 4 ಬರೀ ನೀವು ಮಾತಾಡುವ ರೀತಿಗೆ. ನಮ್ಮ ಬ್ಯಾಚಿನಲ್ಲಿ ಮೆಡಿಸಿನ್ ಪೇಪರಿನಲ್ಲಿ ನಾನೇ ಮೊದಲು, ಅದಕ್ಕೇ ಆ 4 ಅಂಕ ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಮ್ಮ ಒಪಿಡಿ ಗೊತ್ತಲ್ಲ, ಹೊರಗೆ ನೂರು ಜನ, ಎರಡು ನಿಮಿಷಕ್ಕೊಂದು ಚೀಟಿ. ಕೆಟ್ಟ ಸುದ್ದಿ ಹೇಳಬೇಕಾದ ಸ್ಟೇಷನ್‌ನಲ್ಲೂ ಅದೇ ಓಟದಲ್ಲಿ ಮೂರನೇ ನಿಮಿಷಕ್ಕೆ ಕಾಯಿಲೆ, ಚಿಕಿತ್ಸೆ, ಮುಂದಿನ ಸ್ಕ್ಯಾನ್ ಎಲ್ಲ ಒದರಿ ಮುಗಿಸಿದ್ದೆ. ರೋಗಿಯಾಗಿ ಕೂತಿದ್ದಾಕೆ ಅಳುತ್ತಿದ್ದರು. ಟಿಶ್ಯೂ ಡಬ್ಬ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ನೋಡಿದೆ, ಆಕೆಯ ಕಡೆ ತಳ್ಳಲಿಲ್ಲ. ಉಳಿದ ಹೊತ್ತೆಲ್ಲ ಇನ್ನಷ್ಟು ಔಷಧಿ ಹೆಸರು ಹೇಳಿದೆ. ಫೇಲಾದೆ.

ಎರಡನೇ ಸಲ ಕೇರಳದ ಒಬ್ಬ ಗೆಳತಿಯ ಜೊತೆ ಸೇರಿ, ಬೆಳಗಿಂದ ರಾತ್ರಿವರೆಗೆ ಒಬ್ಬರನ್ನೊಬ್ಬರು ಅದೇ ಮೂರು ಪ್ರಶ್ನೆ ಕೇಳಿಕೊಂಡೆವು: ನಿಮಗೆ ಏನಾಗಿದೆ ಅನ್ನಿಸುತ್ತೆ, ಏನು ಭಯ, ನನ್ನಿಂದ ಏನಾಗಬೇಕು. ಆ ಮಧ್ಯೆ ಒಂದು ದಿನ ತೀರ್ಥಹಳ್ಳಿಯಿಂದ ಅಪ್ಪನ ಫೋನು. ತೋಟದ ಏರು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಅಂದರು. ಎದುರಿಗೆ ಅವಳು ಸ್ಟಾಪ್‌ವಾಚ್ ಹಿಡಿದು ಕೂತಿದ್ದಳು. ಗ್ಯಾಸ್ ಇರಬೇಕು, ಮಾತ್ರೆ ತಗೊಳ್ಳಿ ಅಂದು ಇಟ್ಟೆ. ಎದೆ ಹಿಡಿದ ಹಾಗಾಗುತ್ತೆ ಅಂದವರಿಗೆ, ಅಷ್ಟೇ. ಎರಡು ತಿಂಗಳಿಗೆ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿಸಬೇಕಾಯಿತು. ಈಗ ಆರಾಮಾಗಿದ್ದಾರೆ, ತೋಟಕ್ಕೂ ಹೋಗುತ್ತಾರೆ. ಆಗಲೇ ಯಾಕೆ ಬಿಡಿಸಿ ಹೇಳಲಿಲ್ಲ ಅಂತ ಆಮೇಲೆ ಕೇಳಿದರೆ, "ನಿಂದು ಪರೀಕ್ಷೆ ಇತ್ತಲ್ವಾ" ಅಂದರು.

ಆ ಸಲ ಪಾಸಾದೆ. ಮನೆಯಲ್ಲಿ ಸಿಹಿ ಹಂಚಿದರಂತೆ.

ಇನ್ನೊಂದು ಮಾತು. ಶುಲ್ಕವೇ ಸಾವಿರ ಪೌಂಡಿನ ಹತ್ತಿರ ಇದೆ. ಪಾಸಾದ ತಕ್ಷಣ ಕೆಲಸ ಸಿಗುತ್ತೆ ಅಂತ ನಂಬಿ ಸಾಲ ಮಾಡಬೇಡಿ, ನನ್ನ ಕಾಲದ ಹಾಗೆ ಈಗಿಲ್ಲ, ಒಂದೊಂದು ಪೋಸ್ಟಿಗೆ ಅರ್ಜಿ ರಾಶಿ ಬೀಳುತ್ತೆ. ಒಂದು ತಿಂಗಳ ವಿಷಯ, ಜೊತೆಗೆ ಒಬ್ಬರು ಸಿಕ್ಕರೆ ಸಾಕು, ಸಿಗದಿದ್ದರೆ ಮೂರು ತಿಂಗಳೂ ಸಾಲದು. ಟಿಕೆಟ್ ಆದ ಮೇಲೆ ಬರೆಯಿರಿ. ಭಾನುವಾರ ರಜೆ ಇದ್ದರೆ ನಾನೇ ರೋಗಿಯಾಗಿ ಕೂರುತ್ತೇನೆ, ಅಳೋದಕ್ಕೂ ಬರುತ್ತೆ ನನಗೆ.