ಗಂಡಸರಿಗೆ ಒಳ್ಳೇ ಉಣ್ಣೆ ಸ್ವೆಟರ್, ಕಾರ್ಡಿಗನ್ ಹೆಂಗೆ ನೋಡಿ ತಗೋಬೇಕು?

ನನಗಂತೂ ಶೆಟ್ಲ್ಯಾಂಡ್ (ಸ್ಕಾಟ್ಲೆಂಡಿನ ಒಂದು ಕುರಿ ತಳಿ) ಉಣ್ಣೆಯ ದುಂಡು ಕತ್ತಿನ ಸ್ವೆಟರೇ ಇಷ್ಟ, ಸ್ವಲ್ಪ ಚುಚ್ಚುತ್ತೆ ನಿಜ, ಆದ್ರೆ ಒಳಗೆ ಶರ್ಟ್ ಹಾಕ್ಕೊಂಡ್ರೆ ಗೊತ್ತಾಗಲ್ಲ, ವರ್ಷಗಟ್ಟಲೆ ಬಾಳಿಕೆ ಬರುತ್ತೆ. ಚುಚ್ಚೋದು ಬೇಡ ಅಂದ್ರೆ ಮೆರಿನೊ ಕುರಿಯ ನಯವಾದ ಉಣ್ಣೇದು ತಗೊಳ್ಳಿ. ಅಂಗಡೀಲಿ ಮೊದಲು ಒಳಗಿನ ಲೇಬಲ್ ಓದಿ, ಹೊರಗೆ ದೊಡ್ಡದಾಗಿ ವೂಲ್ ಅಂತ ಬರೆದು ಒಳಗೆ ಮುಕ್ಕಾಲು ಪಾಲು ಅಕ್ರಿಲಿಕ್ ಅನ್ನೋ ಕೃತಕ ನೂಲು ಇರುತ್ತೆ ಕೆಲವದ್ರಲ್ಲಿ. ಆಮೇಲೆ ತೋಳು ಸೇರೋ ಜಾಗ ನೋಡಿ, ಅಲ್ಲಿ ಹೊಲಿಗೆ ಪಕ್ಕದಲ್ಲೇ ಸಣ್ಣ ಸಣ್ಣ ಗುರುತು ಸಾಲಾಗಿ ಕಾಣಿಸಿದ್ರೆ ಪ್ರತಿ ಭಾಗಾನೂ ಅಳತೆಗೆ ತಕ್ಕಂಗೇ ಹೆಣೆದಿದಾರೆ ಅಂತ, ಬಟ್ಟೆ ಥರ ಕತ್ತರಿಸಿ ಹೊಲಿದಿದ್ದಲ್ಲ. ಮುಂಗೈ ಪಟ್ಟಿ ಎಳೆದು ಬಿಡಿ, ಪಟ್ ಅಂತ ವಾಪಸ್ ಹೋಗಬೇಕು. ಕಾರ್ಡಿಗನ್ ಆದ್ರೆ ಗುಂಡಿ ಪಟ್ಟಿ ಜೋಲಬಾರದು. ಅಗ್ಗದ ಕ್ಯಾಶ್ಮೀರ್ (ಮೇಕೆಯ ನಯವಾದ ಉಣ್ಣೆ) ಮೆತ್ತಗಿದೆ ಅಂತ ಮರುಳಾಗಬೇಡಿ, ಎಳೆ ಗಿಡ್ಡ ಇದ್ರೆ ಕಂಕುಳ ಹತ್ರ ಬೇಗ ಉಂಡೆ ಉಂಡೆ ಆಗುತ್ತೆ. ಮತ್ತೆ ದಯವಿಟ್ಟು ಹ್ಯಾಂಗರ್‌ಗೆ ನೇತುಹಾಕಬೇಡಿ, ಮಡಚಿಡಿ.