ನೋಟಿಸ್ ಬೋರ್ಡಿಗೆ ತೂಕದ ಪಟ್ಟಿ ಬೇಡ

ಮಾನ್ಯರೇ,

ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ತಮ್ಮ ಪತ್ರವನ್ನು ಎರಡು ಸಲ ಓದಿದೆ. ಸೇರುವಾಗ ತೆಳ್ಳಗಿದ್ದ ವಿದ್ಯಾರ್ಥಿಗಳು ಎರಡೇ ವರ್ಷದಲ್ಲಿ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಾರೆ, ಇದಕ್ಕೆ ಸೋಮಾರಿತನವೇ ಕಾರಣ, ಆದ್ದರಿಂದ ಪ್ರತಿ ಸೆಮಿಸ್ಟರಿನಲ್ಲೂ ಎಲ್ಲರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಲೆಕ್ಕ ಹಾಕಿ ನೋಟಿಸ್ ಬೋರ್ಡಿನಲ್ಲಿ ಪ್ರಕಟಿಸಬೇಕು ಎನ್ನುತ್ತೀರಿ. ತಮ್ಮ ಕಳಕಳಿಯ ಬಗ್ಗೆ ಅನುಮಾನವಿಲ್ಲ. ಸಲಹೆಯನ್ನು ಮಾತ್ರ ಒಪ್ಪಲಾರೆ.

ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರವನ್ನು 19ನೆಯ ಶತಮಾನದಲ್ಲಿ ರೂಪಿಸಿದವರು ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನೇ ಹೊರತು ಒಬ್ಬೊಬ್ಬರ ಆರೋಗ್ಯವನ್ನಲ್ಲ. 1.60 ಮೀಟರ್ ಎತ್ತರವಿದ್ದು 64 ಕಿಲೋ ತೂಗುವ ಇಬ್ಬರು ವಿದ್ಯಾರ್ಥಿನಿಯರ ಬಿಎಂಐ ಒಂದೇ, 25; ಅವರಲ್ಲಿ ಒಬ್ಬಳು ಕಸುವುಳ್ಳ ಕ್ರೀಡಾಪಟುವಾಗಿದ್ದು, ಇನ್ನೊಬ್ಬಳ ಹೊಟ್ಟೆಯ ಸುತ್ತ ಕೊಬ್ಬು ಸೇರಿಕೊಂಡಿದ್ದರೂ ಸೂತ್ರಕ್ಕೆ ಆ ಭೇದ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆ 25ರಿಂದ ಅಧಿಕ ತೂಕವೆಂದೂ 30ರಿಂದ ಬೊಜ್ಜೆಂದೂ ಎಣಿಸುತ್ತದೆ. ಏಷ್ಯಾ ಮೂಲದವರಲ್ಲಿ ಇನ್ನೂ ಕಡಿಮೆ ಮಟ್ಟದಲ್ಲೇ ಮಧುಮೇಹದ ಅಪಾಯ ಏರುವುದರಿಂದ 23ಕ್ಕೇ ಎಚ್ಚರ ವಹಿಸುವ ಪದ್ಧತಿಯೂ ಇದೆ. ಇಷ್ಟೆಲ್ಲ ವಿವರಣೆ ಬೇಡುವ ಸಂಖ್ಯೆಯನ್ನು ಹೆಸರಿನ ಮುಂದೆ ಬರೆದು ಗೋಡೆಗೆ ಅಂಟಿಸಿದರೆ ಅದು ಪರೀಕ್ಷೆಯ ಅಂಕದಂತೆ ಕಾಣುತ್ತದೆ.

ಇನ್ನು ಸೋಮಾರಿತನದ ಮಾತು. ಇಲ್ಲಿಯೇ ನನ್ನ ಮುಖ್ಯ ತಕರಾರು. ಇಪ್ಪತ್ತರ ಆಸುಪಾಸಿನಲ್ಲಿ ದೇಹದ ಗಡಿಯಾರ ಜೀವಮಾನದಲ್ಲೇ ಅತಿ ತಡವಾಗಿ ನಡೆಯುತ್ತದೆ. ಆ ವಯಸ್ಸಿನವರಿಗೆ ನಡುರಾತ್ರಿಯವರೆಗೆ ನಿದ್ದೆ ಹತ್ತದಿರುವುದು ಹಟವಲ್ಲ. ಅವರನ್ನು ಬೆಳಗಿನ ಮೊದಲ ತರಗತಿಗೆ ಎಬ್ಬಿಸಿದಾಗ ಕಡಿತವಾಗುವುದು ನಿದ್ದೆ. ನಿದ್ದೆಗೆಟ್ಟವರು ಮರುದಿನ ಹೆಚ್ಚು ತಿನ್ನುತ್ತಾರೆ, ಅದರಲ್ಲೂ ಸಿಹಿ ಮತ್ತು ಕೊಬ್ಬಿನ ಪದಾರ್ಥಗಳತ್ತ ವಾಲುತ್ತಾರೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇದರ ಮೇಲೆ ದಿನವಿಡೀ ಕುಳಿತೇ ಇರುವ ಓದು, ಮನೆಯವರ ಕಣ್ಣಿಲ್ಲದ ಊಟ, ಪರೀಕ್ಷೆಯ ಒತ್ತಡ. (ತಡರಾತ್ರಿ ಪುಟ ಕಟ್ಟುವ ನಮ್ಮ ಕಚೇರಿಯವರಿಗೂ ಈ ಹಸಿವಿನ ಪರಿಚಯ ಚೆನ್ನಾಗಿಯೇ ಇದೆ.) ಹಾಗೆಂದು ಮೊದಲ ವರ್ಷದಲ್ಲೇ ಎಲ್ಲರೂ ಊದಿಕೊಳ್ಳುತ್ತಾರೆ ಎನ್ನುವುದೂ ಉತ್ಪ್ರೇಕ್ಷೆ. ಅಮೆರಿಕದಲ್ಲಿ ಆ ಅವಧಿಯಲ್ಲಿ 15 ಪೌಂಡ್, ಅಂದರೆ ಸುಮಾರು 7 ಕಿಲೋ ಏರುತ್ತದೆಂಬ ಮಾತು ಜನಜನಿತವಾಗಿದ್ದರೂ, ಅಳೆದು ನೋಡಿದ ಅಧ್ಯಯನಗಳಲ್ಲಿ ಸರಾಸರಿ ಏರಿಕೆ ಅದಕ್ಕಿಂತ ಬಹಳ ಕಡಿಮೆ. ಆದರೆ ಅದು ಇಳಿಯದೆ ವರ್ಷ ವರ್ಷವೂ ಕೂಡಿಕೊಂಡು ಹೋಗುವುದೇ ಚಿಂತೆಯ ವಿಷಯ.

ನಾಚಿಸಿದರೆ ತಿದ್ದಿಕೊಳ್ಳುತ್ತಾರೆ ಎಂಬ ನಂಬಿಕೆಯೂ ಗಟ್ಟಿಯಲ್ಲ. ತೂಕದ ಕಾರಣಕ್ಕೆ ಹೀಯಾಳಿಕೆಗೆ ಒಳಗಾದವರು ಆಟದ ಮೈದಾನದಿಂದ ದೂರ ಸರಿಯುವುದು, ಗುಟ್ಟಾಗಿ ತಿನ್ನುವುದು, ಕೆಲವರು ಊಟವನ್ನೇ ಬಿಟ್ಟು ಕಾಯಿಲೆ ಬೀಳುವುದು ವೈದ್ಯರಿಗೆ ಹೊಸತಲ್ಲ.

ಏದುಸಿರು ಬಿಡುವ ಆ ವಿದ್ಯಾರ್ಥಿಗಳನ್ನು ಖಾಸಗಿಯಾಗಿ ಕರೆದು, ವೈದ್ಯರನ್ನು ಕಾಣಲು ಹೇಳಿ. ಅದು ರಕ್ತಹೀನತೆಯೋ ಥೈರಾಯಿಡ್ ತೊಂದರೆಯೋ ಆಗಿದ್ದರೂ ಆಗಿರಬಹುದು. ವೇಳಾಪಟ್ಟಿ ಸಿದ್ಧವಾಗುವ ಸಭೆಯಲ್ಲಿ ತಾವೂ ಕೂರುತ್ತೀರಷ್ಟೆ? ಮೊದಲ ತರಗತಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಲು ಸಾಧ್ಯವೇ ಎಂದು ಅಲ್ಲಿ ಕೇಳಿ ನೋಡಿ, ಬಂದ ಉತ್ತರವನ್ನು ನಮಗೆ ಬರೆದು ತಿಳಿಸಿ.

ಸಂಪಾದಕ